ಸ್ಟಾಂಪ್ ಸಂಗ್ರಹದ ಮೊದಲ ಮಳೆಗಾಲ

ಬೇಸಿಗೆಯಲ್ಲಿ ಶುರು ಮಾಡಿದ ಅಂಚೆಚೀಟಿ ಸಂಗ್ರಹ ಈಗ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಈಗಷ್ಟೇ ಶುರು ಮಾಡುವವರಿಗೆ, ಅದರಲ್ಲೂ ನಮ್ಮ ಮಲೆನಾಡಿನ ಥಂಡಿಯಲ್ಲಿ ಕಾಗದ ಕಾಪಾಡಿಕೊಳ್ಳಬೇಕಾದವರಿಗೆ ಇದು ಉಪಯೋಗಕ್ಕೆ ಬಂದೀತು. ನಾನಿರೋದು ಶಿವಮೊಗ್ಗದಲ್ಲಿ, ಮೂಲ ಮನೆ ತೀರ್ಥಹಳ್ಳಿ ಕಡೆ.

ಏಪ್ರಿಲ್

ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು ಅಂತ ಊರ ಮನೆಯ ಅಟ್ಟ ಖಾಲಿ ಮಾಡಿದೆವು. ಹಳೆ ಲೆಕ್ಕದ ಪುಸ್ತಕಗಳ ಹಿಂದೆ ಅಜ್ಜಯ್ಯ ತಂತಿಗೆ ಚುಚ್ಚಿಟ್ಟ ಕಾಗದದ ಕಟ್ಟುಗಳು ಸಿಕ್ಕವು. ಆಗೆಲ್ಲ ಮನೆ ಮನೆಯಲ್ಲೂ ಇದೇ ಪದ್ಧತಿ ಅಲ್ವಾ, ಓದಿಯಾದ ಕಾಗದವನ್ನು ಕೊಕ್ಕೆ ತಂತಿಗೆ ಚುಚ್ಚಿ ನೇತುಹಾಕೋದು. ತಗೊಳ್ಳಲಾ ಅಂತ ದೊಡ್ಡಪ್ಪನನ್ನು ಕೇಳಿದೆ. "ಅಜ್ಜಯ್ಯ ಒಂದು ಕಾರ್ಡನ್ನೂ ಬಿಸಾಕಿದವರಲ್ಲ. ಒರಲೆ ತಿನ್ನೋ ಬದಲು ನೀನೇ ತಗೊಂಡು ಹೋಗು ಮಾರಾಯ" ಅಂದರು.

ಕಾರ್ಡು, ಇನ್‌ಲ್ಯಾಂಡ್, ಮದುವೆ ಕರೆಯೋಲೆ, ಅಡಿಕೆ ಮಂಡಿಯ ಕವರ್‌ಗಳು. ಹೆಚ್ಚಿನವುಗಳ ನಡುವೆ ತಂತಿಯ ತೂತಿದೆ. ಆದರೆ ಸ್ಟಾಂಪ್ ಇರೋದು ಮೇಲೆ ಬಲಗಡೆ ಮೂಲೆಯಲ್ಲಿ, ಹಾಗಾಗಿ ಅವಕ್ಕೆ ಏನೂ ಆಗಿಲ್ಲ.

ಸ್ಟಾಂಪ್ ಸಂಗ್ರಹ ಅಂದರೆ ಮೊದಲು ಸ್ಟಾಂಪನ್ನು ನೀರಲ್ಲಿ ನೆನೆಹಾಕಿ ಬಿಡಿಸೋದು ಅಂತ ಎಲ್ಲರೂ ಹೇಳಿಕೊಡುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಂಚಿನ ಕೆಲಸ ಒಂದಿದೆ: ಪ್ರತಿ ಕವರ್‌ನ ಅಂಚೆ ಸೀಲನ್ನು ಕೂತು ಓದೋದು. ಒಂದು ಕವರ್ ಬಗ್ಗೆ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಶಿವಮೊಗ್ಗದ ಮಂಡಿಯಿಂದ ಅಜ್ಜಯ್ಯನಿಗೆ ಬಂದದ್ದು, 1972ರ ಜನವರಿ. ಒಳಗಿನ ಕಾಗದದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬೇರೆ ಬೇರೆ ತರಗಳ ಧಾರಣೆ ಬರೆದಿದ್ದಾರೆ. ಕವರ್ ಮೇಲೆ ಎರಡು ಸ್ಟಾಂಪ್. ಒಂದು 20 ಪೈಸೆಯದು, ಹಸಿರು ಬಣ್ಣ, ನ್ಯಾಟ್ ಯುದ್ಧವಿಮಾನದ ಚಿತ್ರ. ಆಗ ಮಾಮೂಲಿ ಕಾಗದಕ್ಕೆ ಅಷ್ಟೇ ದರ. ಪಕ್ಕದಲ್ಲಿ ಕೆಂಪು ಬಣ್ಣದ 5 ಪೈಸೆ, ಕುಟುಂಬ ಯೋಜನೆಯ ಚಿತ್ರದ್ದು. ಅದರ ಮೇಲೆ ಕಪ್ಪು ಶಾಯಿಯಲ್ಲಿ ರೆಫ್ಯೂಜಿ ರಿಲೀಫ್ ಅಂತ ಒತ್ತಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಮ್ಮ ದೇಶಕ್ಕೆ ಓಡಿಬಂದಾಗ, ಅವರ ಖರ್ಚಿಗೆ ಅಂತ 1971ರ ನವೆಂಬರ್ 15ರಿಂದ ಟಪಾಲಿನ ಮೇಲೆ 5 ಪೈಸೆ ತೆರಿಗೆ ಹಾಕಿದರು. ಹೊಸ ಸ್ಟಾಂಪ್ ಅಚ್ಚಾಗಿ ಬರುವವರೆಗೆ ಹಳೆ ಸ್ಟಾಂಪಿನ ಮೇಲೇ ಅಕ್ಷರ ಒತ್ತಿ ಮಾರಿದರು, ಡಿಸೆಂಬರ್‌ನಲ್ಲಿ ನಿರಾಶ್ರಿತರ ಚಿತ್ರದ್ದೇ ಬೇರೆ ಸ್ಟಾಂಪ್ ಬಂತು. 1973ರ ಮಾರ್ಚ್ ಕೊನೆವರೆಗೂ ಈ ತೆರಿಗೆ ಇತ್ತು.

ನ್ಯಾಟ್ ವಿಮಾನ ಅದೇ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಆದ ಯುದ್ಧದಲ್ಲಿ ಹಾರಿದ್ದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್ ಹಾರಿಸುತ್ತಾ ಹುತಾತ್ಮರಾದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಬಂತು. ಯುದ್ಧ ಮುಗಿದ ಮುಂದಿನ ತಿಂಗಳೇ ಆ ವಿಮಾನ, ಆ ನಿರಾಶ್ರಿತರ ತೆರಿಗೆ, ಮತ್ತೆ ನಮ್ಮ ರಾಶಿ ಅಡಿಕೆಯ ಧಾರಣೆ ಮೂರೂ ಒಂದೇ ಕವರ್‌ನಲ್ಲಿ ತೀರ್ಥಹಳ್ಳಿಗೆ ಬಂದಿವೆ. ಮುಂದೆ ಶಿವಮೊಗ್ಗದ ಸೀಲು, ಹಿಂದೆ ತೀರ್ಥಹಳ್ಳಿಗೆ ತಲುಪಿದ ಸೀಲು, ಮಾರನೇ ದಿನದ್ದೇ. ವಿಳಾಸದಲ್ಲಿ ಪಿನ್ ಕೋಡ್ ಇಲ್ಲ, ಯಾಕಂದ್ರೆ ಪಿನ್ ಬಂದಿದ್ದೇ ಆ ವರ್ಷದ ಆಗಸ್ಟ್ 15ಕ್ಕೆ.

ಬಿಡಿಯಾಗಿ ನೋಡಿದರೆ ಇವೆರಡೂ ಮಾಮೂಲಿ ಸ್ಟಾಂಪ್‌ಗಳು. ಬಿಡಿಸಿ ಆಲ್ಬಮ್‌ಗೆ ಹಾಕಿದ್ದರೆ ಅಷ್ಟೇ ಆಗಿರುತ್ತಿದ್ದವು. ಕವರ್ ಇಡಿಯಾಗಿ ಇದ್ದರೆ ಒಂದು ಕಾಲವೇ ಸಿಗುತ್ತದೆ. ಹಾಗಾಗಿ ಸೀಲು ಸ್ಪಷ್ಟವಾಗಿರುವ ಕವರ್, ಸಣ್ಣ ಊರಿನ ಸೀಲಿರುವ ಕಾರ್ಡು, ರಿಜಿಸ್ಟರ್ ಚೀಟಿ ಅಂಟಿಸಿದ ಲಕೋಟೆ, ಇವುಗಳನ್ನು ಮುಟ್ಟೋದಿಲ್ಲ ಅಂತ ನಿರ್ಧಾರ ಮಾಡಿದೆ. ರಿಜಿಸ್ಟರ್ಡ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು, ಇನ್ನು ಆ ಹಳೆ ಚೀಟಿಗಳೂ ಕೂಡಿಡುವ ವಸ್ತುವೇ.

ಮೇ

ಸೀಲು ಕಲಸಿಹೋದ, ಹರಿದ, ಅರ್ಧಕ್ಕೆ ಒರಲೆ ತಿಂದ ಕವರ್‌ಗಳನ್ನು ಮಾತ್ರ ಬೇರೆ ಮಾಡಿ ಅವುಗಳ ಸ್ಟಾಂಪ್ ಬಿಡಿಸಿದೆ. ಸ್ಟಾಂಪಿನ ಸುತ್ತ ಒಂದು ಬೆರಳಷ್ಟು ಜಾಗ ಬಿಟ್ಟು ಕತ್ತರಿಸಬೇಕು. ಅಂಚಿನ ಹಲ್ಲು ಒಂದು ಹೋದರೂ ಸ್ಟಾಂಪ್ ಹಾಳಾದ ಲೆಕ್ಕ. ಅಗಲದ ತಟ್ಟೆಯಲ್ಲಿ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಹಾಕಿ, ಚಿತ್ರ ಮೇಲೆ ಬರುವ ಹಾಗೆ ತೇಲಿಬಿಡಿ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಅಂಟು ಕರಗಿ ಸ್ಟಾಂಪ್ ತಾನಾಗಿಯೇ ಜಾರುತ್ತದೆ. ಜಾರಲಿಲ್ಲ ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಬಿಡಿ, ಎಳೆಯಬೇಡಿ. ನೆಂದ ಕಾಗದಕ್ಕೆ ಶಕ್ತಿಯೇ ಇರೋದಿಲ್ಲ. ಹಿಂದೆ ಉಳಿದ ಗೋಂದನ್ನು ಹೊಸ ನೀರಲ್ಲಿ ಇನ್ನೊಮ್ಮೆ ಅದ್ದಿ ಬೆರಳಲ್ಲಿ ಮೆಲ್ಲಗೆ ಸವರಿದರೆ ಹೋಗುತ್ತದೆ.

ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಯಲ್ಲೇ ನೆನೆಹಾಕಿ. ಮದುವೆ ಕರೆಯೋಲೆಯ ಕೆಂಪು ಕವರ್ ನೀರಿಗೆ ಬಣ್ಣ ಬಿಡುತ್ತದೆ, ಪಕ್ಕದ ಸ್ಟಾಂಪ್‌ಗೆಲ್ಲ ಅದು ಹತ್ತುತ್ತದೆ. ಒಣಗಿಸೋದಕ್ಕೆ ನ್ಯೂಸ್‌ಪೇಪರ್ ಬೇಡ, ಬಿಳಿ ಕಾಗದ ಅಥವಾ ಒತ್ತುಕಾಗದದ ಮೇಲೆ ಚಿತ್ರ ಕೆಳಗೆ ಮಾಡಿ ಇಡಿ. ಮುಕ್ಕಾಲು ಒಣಗಿದ ಮೇಲೆ ಒಳ್ಳೆಯ ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಮೇಲೆ ದಪ್ಪ ಪುಸ್ತಕ ಹೇರಿದರೆ ಚಪ್ಪಟೆಯಾಗಿ ಬರುತ್ತವೆ.

ಸಾಮಾನು ಜಾಸ್ತಿ ಏನೂ ಬೇಡ. ತುದಿ ಚಪ್ಪಟೆ ಇರುವ ಚಿಮಟ, ಒಂದು ಭೂತಗನ್ನಡಿ, ಒಂದು ಸ್ಟಾಕ್ ಬುಕ್. ಸ್ಟಾಕ್ ಬುಕ್‌ನಲ್ಲಿ ಪಾರದರ್ಶಕ ಪಟ್ಟಿಗಳಿರುತ್ತವೆ, ಸ್ಟಾಂಪನ್ನು ಅದರೊಳಗೆ ಸಿಕ್ಕಿಸಿದರಾಯಿತು, ಅಂಟಿಸುವ ಮಾತೇ ಇಲ್ಲ. ಸೆಲ್ಲೋಟೇಪು, ಫೆವಿಕಾಲು, ಲ್ಯಾಮಿನೇಷನ್ ಯಾವುದೂ ಕೂಡದು. ಬರಿಗೈಯಲ್ಲಿ ಮುಟ್ಟೋದೂ ಬೇಡ, ಬೆರಳಿನ ಬೆವರು, ಎಣ್ಣೆ ಕಾಗದಕ್ಕೆ ಕಲೆ ಮಾಡುತ್ತದೆ.

ಪಕ್ಕದ ಮನೆಯ ಚಿಕ್ಕಮ್ಮ ಅವರ ಮಗನ ಹಳೆಯ ಫಾರಿನ್ ಸ್ಟಾಂಪುಗಳ ಡಬ್ಬಿಯನ್ನೇ ಕೊಟ್ಟುಬಿಟ್ಟರು. ಅದನ್ನು ದೇಶವಾರು ಬೇರೆ ಮಾಡುವಾಗ ಕೆಲವು ಹೆಸರು ತಲೆಕೆಡಿಸುತ್ತವೆ. ಹೆಲ್ವೇಷಿಯಾ ಅಂದ್ರೆ ಸ್ವಿಟ್ಜರ್ಲೆಂಡ್, ಮಗ್ಯಾರ್ ಅಂತಿದ್ದರೆ ಹಂಗೇರಿ, ಸುವೋಮಿ ಅಂದ್ರೆ ಫಿನ್ಲೆಂಡ್. ದೇಶದ ಹೆಸರೇ ಇಲ್ಲದೆ ರಾಣಿಯ ತಲೆ ಮಾತ್ರ ಇದ್ದರೆ ಅದು ಬ್ರಿಟನ್. 1840ರಲ್ಲಿ ಜಗತ್ತಿನ ಮೊದಲ ಅಂಟಿಸುವ ಸ್ಟಾಂಪ್ ಪೆನ್ನಿ ಬ್ಲ್ಯಾಕ್ ತಂದವರು ಅವರೇ. ಆಗ ಬೇರೆ ಯಾರದ್ದೂ ಇರಲಿಲ್ಲ, ಹೆಸರು ಹಾಕಲಿಲ್ಲ, ಇವತ್ತಿಗೂ ಹಾಕುವುದಿಲ್ಲ.

ಜೂನ್, ಜುಲೈ

ಮಳೆ ಹಿಡಿಯಿತು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನದ್ದೇ. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು ಬರುವ ಕಾಲ ಇದು. ಬಯಲುಸೀಮೆಯಲ್ಲಿ ಸಂಗ್ರಹ ಮಾಡುವವರಿಗೆ ಈ ಕಷ್ಟ ಇಷ್ಟಿಲ್ಲ. ಸ್ಟಾಂಪಿಗೆ ಥಂಡಿಯಿಂದ ಎರಡು ತೊಂದರೆ. ಬಳಸದ ಸ್ಟಾಂಪಿನ ಹಿಂದೆ ಗೋಂದು ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ಪುಟಕ್ಕೋ ಇನ್ನೊಂದು ಸ್ಟಾಂಪಿಗೋ ಹಿಡಿದುಬಿಡುತ್ತದೆ. ಇನ್ನೊಂದು, ಕಾಗದದ ಮೇಲೆ ಕಂದು ಚುಕ್ಕೆ ಬೀಳೋದು. ಇದು ಬೂಷ್ಟಿನ ಕೆಲಸ. ಒಮ್ಮೆ ಬಂದರೆ ಹೋಗುವುದು ಕಷ್ಟ, ಪಕ್ಕದ್ದಕ್ಕೂ ಹಬ್ಬುತ್ತದೆ.

ನಾನು ಮಾಡಿಕೊಂಡ ವ್ಯವಸ್ಥೆ ಇದು. ಸ್ಟಾಕ್ ಬುಕ್ಕನ್ನು ಮಲಗಿಸುವುದಿಲ್ಲ, ನಿಲ್ಲಿಸಿಯೇ ಇಡುತ್ತೇನೆ, ಒಂದರ ಮೇಲೊಂದು ಹೇರಿದರೆ ಭಾರಕ್ಕೆ ಸ್ಟಾಂಪ್ ಪುಟಕ್ಕೆ ಒತ್ತಿಕೊಳ್ಳುತ್ತದೆ. ಹೊರಗೋಡೆಗೆ ತಾಗಿದ ಕಪಾಟು ಬಿಟ್ಟು ಮನೆಯ ಒಳಗೋಡೆಯ ಕಪಾಟಿಗೆ ಬದಲಾಯಿಸಿದೆ. ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿತು ಅಂತ ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಪುಟಗಳನ್ನು ಬಿಡಿಸಿ ಫ್ಯಾನಿನ ಗಾಳಿಗೆ ಹಿಡಿಯೋದು, ಬಿಸಿಲಿಗೆ ಮಾತ್ರ ಇಡಬಾರದು, ಬಣ್ಣ ಮಾಸುತ್ತದೆ. ಜಡಿಮಳೆಯ ದಿನ ಸುಮ್ನೆ ತೆಗೆದು ನೋಡುವ ಆಸೆಯಾದರೂ ಡಬ್ಬಿ ತೆಗೆಯುವುದಿಲ್ಲ. ಇಲ್ಲಿವರೆಗೆ ಒಂದು ಚುಕ್ಕೆಯೂ ಬಂದಿಲ್ಲ.

ಯಾವುದನ್ನು ಸೇರಿಸೋದು

ಸಿಕ್ಕಿದ್ದೆಲ್ಲ ಸೇರಿಸುತ್ತಾ ಹೋದರೆ ಕೊನೆಯಿಲ್ಲ. ಭಾರತದ್ದು ಅಂತ ಮಾಡಿದರೂ 1852ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಬಂದ ಸಿಂಧ್ ಡಾಕ್ ಸ್ಟಾಂಪ್‌ನಿಂದ ಶುರುವಾಗುತ್ತದೆ, ಅದಂತೂ ನಮ್ಮಂಥವರ ಕೈಗೆ ಎಟುಕೋದಲ್ಲ. ಸ್ವತಂತ್ರ ಭಾರತದ ಮೊದಲ ಸ್ಟಾಂಪ್ 1947ರ ನವೆಂಬರ್ 21ರದ್ದು, ಮೂರೂವರೆ ಆಣೆಯ ಬಾವುಟದ ಸ್ಟಾಂಪ್, ಮೇಲೆ ಜೈ ಹಿಂದ್ ಅಂತ ಇದೆ. ಅದು ಬೇಕು ಅಂತ ಮನಸ್ಸಿನಲ್ಲಿದೆ. 1948ರ ಗಾಂಧೀಜಿ ಸರಣಿಯ 10 ರೂಪಾಯಿಯದ್ದಕ್ಕೆ ನಕಲಿಗಳ ಕಾಟ, ಹೊಸಬರು ಆ ಕಡೆ ಹೋಗದಿರೋದೇ ಒಳ್ಳೆಯದು.

ನಾನು ಆರಿಸಿಕೊಂಡಿದ್ದು ಮಲೆನಾಡು. ಬೇರೆಯವರ ಆಲ್ಬಮ್‌ನಲ್ಲಿ ಇರೋದೇ ನನ್ನದರಲ್ಲೂ ಇದ್ದರೆ ನನಗೇನು ಖುಷಿ? 2003ರಲ್ಲಿ ಜಲಪಾತಗಳ ನಾಲ್ಕು ಸ್ಟಾಂಪ್ ಬಂದವು, ಅದರಲ್ಲಿ ನಮ್ಮ ಜೋಗ ಇದೆ. ಅದೇ ವರ್ಷ ಹಾವುಗಳ ಸರಣಿಯಲ್ಲಿ ಕಾಳಿಂಗ ಸರ್ಪ, ಅಂದ್ರೆ ಆಗುಂಬೆ. 2006ರ ಡಿಸೆಂಬರ್‌ನಲ್ಲಿ ಗಂಧದ ಪರಿಮಳದ ಸ್ಟಾಂಪ್. ಅದನ್ನು ಸಾಗರ, ಸೊರಬದ ಗುಡಿಗಾರರ ಕೆತ್ತನೆಯ ಫೋಟೋ ಪಕ್ಕ ಇಡಬೇಕು ಅಂತಿದೆ. 2017ರಲ್ಲಿ ಕಾಫಿ ಪರಿಮಳದ್ದು ಬಂತು, 100 ರೂಪಾಯಿ ಮುಖಬೆಲೆ. ಕುಪ್ಪಳಿಯ ಕುವೆಂಪು ಇಲ್ಲದೆ ಈ ಆಲ್ಬಮ್ ಆಗೋದಿಲ್ಲ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು, 1960ರ ಸೆಪ್ಟೆಂಬರ್ 15ರ ವಿಶ್ವೇಶ್ವರಯ್ಯನವರ ಸ್ಟಾಂಪ್. ಅವರಿಗೆ ನೂರು ತುಂಬುವ ವರ್ಷಕ್ಕೆ ಬಂದದ್ದು, ಅವರು ಬದುಕಿದ್ದಾಗಲೇ. ಹಾಗೆ ಬದುಕಿದ್ದಾಗಲೇ ಸ್ಟಾಂಪಿನಲ್ಲಿ ಬಂದವರು ನಮ್ಮ ದೇಶದಲ್ಲಿ ತೀರಾ ಕಡಿಮೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರ ಕನಸು, ಹಾಗಾಗಿ ಅವರೂ ನನ್ನ ಮಲೆನಾಡಿನ ಪುಟಕ್ಕೆ ಸೇರಿದವರೇ. ಅಟ್ಟದಲ್ಲಿ ಇದು ಸಿಗಲಿಲ್ಲ. ಮಾರುವವರಲ್ಲಿ ಕೇಳಿಟ್ಟಿದ್ದೇನೆ.

ಹೊಸದಾಗಿ ಬಿಡುಗಡೆಯಾಗುವ ಸ್ಟಾಂಪ್‌ಗಳಿಗೆ ಅಂಚೆ ಇಲಾಖೆಯ ಫಿಲಾಟೆಲಿ (ಅಂದ್ರೆ ಸ್ಟಾಂಪ್ ಸಂಗ್ರಹ) ಡಿಪಾಸಿಟ್ ಅಕೌಂಟ್ ಇದೆ. ಕನಿಷ್ಠ 200 ರೂಪಾಯಿ ಇಟ್ಟರೆ ಹೊಸ ಸ್ಟಾಂಪು, ಮೊದಲ ದಿನದ ಲಕೋಟೆ, ಮಾಹಿತಿ ಪತ್ರ ಮನೆಗೇ ಬರುತ್ತವೆ. ಬೆಂಗಳೂರಿನ ಜಿಪಿಓದಲ್ಲಿ ಫಿಲಾಟೆಲಿ ಬ್ಯೂರೋ ಇದೆ. ನಾನು ಕಾಗದ ಹಾಕುವಾಗೆಲ್ಲ ಕೌಂಟರ್‌ನಲ್ಲಿ ಅಚ್ಚು ಹಾಕಿದ ಚೀಟಿ ಬೇಡ, ಸ್ಟಾಂಪೇ ಕೊಡಿ ಅಂತ ಕೇಳಿ ಅಂಟಿಸುತ್ತೇನೆ. ಕಾಗದ ಪಡೆಯುವವರಿಗೂ ಒಂದು ಸ್ಟಾಂಪ್ ಸಿಗಲಿ.

ಆಗಸ್ಟ್, ಈಗ

ಸೀಲುಗಳದ್ದೇ ಒಂದು ಬೇರೆ ಪುಸ್ತಕ ಆಗುತ್ತಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಜೊತೆಗೆ 2014ರಲ್ಲಿ ಅಧಿಕೃತವಾಗಿ ಶಿವಮೊಗ್ಗ ಆಗುವ ಮುಂಚಿನ ಶಿಮೊಗಾ ಸೀಲುಗಳು. ಪಿನ್ ಇರುವುದು, ಇಲ್ಲದ್ದು ಅಂತ ಎರಡು ಭಾಗ ಮಾಡಿದ್ದೇನೆ. 577 ಅಂತ ಶುರುವಾಗುವ ಸೀಲು ಕಂಡರೆ ಅದು 1972ರ ಆಗಸ್ಟ್ ಆದಮೇಲಿನದ್ದು. ವರ್ಷ ಓದಲಾಗದಷ್ಟು ಮಸುಕಾಗಿದ್ದರೂ ಇದರಿಂದ ಅಂದಾಜು ಸಿಗುತ್ತದೆ.

ನಾನು ನಿಜವಾಗಿ ಹುಡುಕುತ್ತಿರುವುದು ಶರಾವತಿ ಮುಳುಗಡೆ ಊರುಗಳ ಸೀಲು. 1948ರ ಹಿರೇಭಾಸ್ಕರ ಅಣೆಕಟ್ಟೆಗೆ ಒಂದಷ್ಟು ಊರು ಹೋಯಿತು, 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಇನ್ನೆಷ್ಟೋ ಹೋಯಿತು, ಹಿರೇಭಾಸ್ಕರದ ಅಣೆಕಟ್ಟೆಯೂ ಅದರ ಹಿನ್ನೀರಿನಲ್ಲಿ ಮುಳುಗಿತು. ಹಿನ್ನೀರು ಇಳಿದ ಬೇಸಿಗೆಯಲ್ಲಿ ಆ ಕಟ್ಟೆ ಕಾಣುತ್ತದೆ, ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಮನೆ, ತೋಟ, ದೇವಸ್ಥಾನ ಬಿಟ್ಟು ಬಂದವರು ಕಾಗದದ ಕಟ್ಟು ಮಾತ್ರ ಟ್ರಂಕಿನಲ್ಲಿ ಹೊತ್ತು ತಂದಿರುತ್ತಾರೆ. ಆ ಊರಿಗೆ ಟಪಾಲು ಬರುತ್ತಿತ್ತು, ಅಲ್ಲೊಬ್ಬರು ಪೋಸ್ಟ್‌ಮಾಸ್ಟರ್ ಇದ್ದರು ಅನ್ನೋದಕ್ಕೆ ಒಂದು ದುಂಡನೆಯ ಸೀಲು ಸಾಕ್ಷಿ. ಅದನ್ನು ಹೊಸದಾಗಿ ಒತ್ತಲು ಇನ್ನು ಯಾರಿಂದಲೂ ಆಗುವುದಿಲ್ಲ.

ಸಾಗರದ ಅತ್ತೆಯ ಮನೆಯವರು ಮುಳುಗಡೆಯಿಂದ ಬಂದವರು. ಅವರು ಕೊಟ್ಟ ಒಂದು ಕಾರ್ಡಿನಲ್ಲಿ ಬರೆದವರು ಮೇಲುಗಡೆ ಹಳೆಯ ಊರಿನ ಹೆಸರು ಹಾಕಿದ್ದಾರೆ, ತಾರೀಕೂ ಇದೆ. ಸೀಲು ಮಾತ್ರ ಸಾಗರದ್ದು. ಬಹುಶಃ ಪೇಟೆಗೆ ಬಂದಾಗ ಡಬ್ಬಿಗೆ ಹಾಕಿದ್ದಿರಬೇಕು. ಆದರೂ ಅದನ್ನು ಬೇರೆ ಪುಟದಲ್ಲಿ ಇಟ್ಟಿದ್ದೇನೆ, ಊರಿನ ಹೆಸರು ಕಾಣುವ ಹಾಗೆ.

ಸಾಗರ, ಹೊಸನಗರ ಕಡೆಯವರ ಮನೆಯಲ್ಲಿ 1964ಕ್ಕಿಂತ ಹಿಂದಿನ ಕಾಗದ ಇದ್ದರೆ ದಯವಿಟ್ಟು ಸ್ಟಾಂಪ್ ಕತ್ತರಿಸಬೇಡಿ, ಹಿಂದೆ ಮುಂದೆ ಎರಡೂ ಬದಿಯ ಸೀಲು ನೋಡಿ. ಕಾಗದ ಕೊಡಬೇಕು ಅಂತೇನಿಲ್ಲ, ನಿಮ್ಮ ಮನೆಯದ್ದು ನಿಮ್ಮಲ್ಲೇ ಇರಲಿ. ಸೀಲಿನ ಒಂದು ಫೋಟೋ ಸಿಕ್ಕಿದರೂ ನನಗೆ ದೊಡ್ಡದು. ಅತ್ತೆ ಮನೆಯಲ್ಲಿ ಇನ್ನೊಂದು ಟ್ರಂಕ್ ಇದೆಯಂತೆ, ಬೀಗದ ಕೈ ಹುಡುಕಿಡುತ್ತೇನೆ ಅಂದಿದ್ದಾರೆ. ಗಣಪತಿ ಹಬ್ಬಕ್ಕೆ ಹೋಗುವಾಗ ಭೂತಗನ್ನಡಿ ತಗೊಂಡು ಹೋಗುತ್ತೇನೆ, ಸಿಕ್ಕಿದ್ದನ್ನು ಮುಂದಿನ ಸಲ ಬರೆಯುತ್ತೇನೆ.