ಹಿಂದಿನ ಸೀಟು ಖಾಲಿ

ನನ್ನ ತಂಗಿ ಈ ವಾರ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ಏರ್‌ಫೋರ್ಸ್ ಅಕಾಡೆಮಿಯಲ್ಲಿ ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದಳು!

ಪಿಲಾಟಸ್ ಪಿಸಿ-7 ಅನ್ನುವ ತರಬೇತಿ ವಿಮಾನದಲ್ಲಿ ಕಲಿಯುವವರು ಮುಂದೆ, ಕಲಿಸುವವರು ಹಿಂದೆ ಕೂರುತ್ತಾರೆ. ಸೋಲೋ ದಿನ ಆ ಹಿಂದಿನ ಸೀಟು ಖಾಲಿ. ಅದರ ಬೆಲ್ಟ್‌ಗಳನ್ನು ಬಿಗಿಯಾಗಿ ಕಟ್ಟಿರುತ್ತಾರಂತೆ, ಕಂಟ್ರೋಲ್‌ಗೆ ಸಿಕ್ಕಿಕೊಳ್ಳಬಾರದು ಅಲ್ವಾ. "ಅಕ್ಕಾ, ಕಿವಿಯಲ್ಲಿ ಸರ್ ದನಿ ಇಲ್ಲ. ಅಷ್ಟು ಮೌನ ಯಾವತ್ತೂ ಕೇಳಿರಲಿಲ್ಲ" ಅಂದಳು. ಇವಳನ್ನು ಒಬ್ಬಳೇ ಬಿಡಬಹುದು ಅಂತ ಅವರಿಗೆ ಯಾವ ಗಳಿಗೆಯಲ್ಲಿ ಅನ್ನಿಸಿತೋ. ಇಳಿದು ನಿಂತು ನೋಡುವುದಕ್ಕೂ ಧೈರ್ಯ ಬೇಕು.

ಅಮ್ಮ ಹೋಳಿಗೆ ಮಾಡಿದರು. ಮೊದಲನೆಯದಕ್ಕೆ ತುಪ್ಪ ಹಾಕಿ ವಿಡಿಯೋ ಕಾಲ್ ಮುಂದೆ ಹಿಡಿದರು. ಅಪ್ಪ ಮಾತೇ ಆಡಲಿಲ್ಲ, ಸುಮ್ನೆ ಕನ್ನಡಕ ಒರೆಸುತ್ತಾ ಕೂತರು.

2016ರ ಜೂನ್‌ನಲ್ಲಿ ಇದೇ ಅಕಾಡೆಮಿಯಿಂದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಹೊರಬಂದಾಗ ಇವಳು ಆರನೇ ಕ್ಲಾಸ್. ಪೇಪರಿನ ಆ ಫೋಟೋ ಇನ್ನೂ ಬೀರುವಿನ ಒಳಬಾಗಿಲಲ್ಲಿದೆ, ಅಂಚು ಹಳದಿಯಾಗಿದೆ.

ಫೈಟರ್ ವಿಭಾಗ ಸಿಕ್ಕರೆ ಮುಂದೆ ಹಾಕ್ ಅನ್ನುವ ತರಬೇತಿ ಜೆಟ್ ಹಾರಿಸಲು ಬೀದರ್‌ಗೆ ಬರುತ್ತಾಳೆ. ಅಮ್ಮ ಈಗಲೇ ಬೀದರ್ ರೈಲಿನ ಟೈಮ್ ಕೇಳುತ್ತಿದ್ದಾರೆ.