ಕಿತ್ತೂರಿನ ಎಕ್ಸ್‌ಚೇಂಜ್

ಕಿತ್ತೂರು ಅಂದರೆ ಚೆನ್ನಮ್ಮ, ಸರಿ. ಆದರೆ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜನ್ನು, ಅಂದರೆ ಕರೆಗಳನ್ನು ಜೋಡಿಸುವ ಯಂತ್ರವನ್ನು, ಮೊದಲು ಕೂರಿಸಿದ್ದೂ ಅಲ್ಲೇ, 1986ರಲ್ಲಿ. 128 ಪೋರ್ಟಿನ (ಲೈನು ಜೋಡಿಸುವ ಜಾಗದ) ಸಣ್ಣ ಯಂತ್ರ, ಏಸಿ ಬೇಡವೇ ಬೇಡ. ಹೊರದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ತಣ್ಣನೆಯ ಕೋಣೆ ಬೇಕಿತ್ತು, ನಮ್ಮ ಹಳ್ಳಿಗಳಲ್ಲಿ ಕರೆಂಟೇ ನೆಟ್ಟಗಿರಲಿಲ್ಲ, ಇನ್ನು ಏಸಿ ಎಲ್ಲಿಂದ ತರೋದು?

ಇದರ ಹಿಂದೆ ಇದ್ದವರು ಸ್ಯಾಮ್ ಪಿತ್ರೋಡಾ. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ, 1964ರಲ್ಲಿ ಅಮೆರಿಕಕ್ಕೆ ಹೋಗಿ, ಶಿಕಾಗೋದಲ್ಲಿ ಓದಿ, ಡಿಜಿಟಲ್ ಸ್ವಿಚಿಂಗ್‌ನಲ್ಲಿ (ಕರೆಗಳನ್ನು ಡಿಜಿಟಲ್ ಆಗಿ ಜೋಡಿಸುವ ತಂತ್ರ) ಹೆಸರು ಮಾಡಿ, ಆಮೇಲೆ 1984ರಲ್ಲಿ ಸಿ-ಡಾಟ್ ಕಟ್ಟಲು ಇಲ್ಲಿಗೆ ಬಂದವರು. ಅವರ ರಾಜಕೀಯದ ಬಗ್ಗೆ ಯಾರಿಗೆ ಏನೇ ಅನಿಸಲಿ, ಈ ಕೆಲಸ ನನಗೆ ತುಂಬಾ ಇಷ್ಟ. ಯಾಕಂದರೆ ಅಲ್ಲಿಂದ ಯಂತ್ರ ತಂದು ಇಲ್ಲಿ ಇಳಿಸಲಿಲ್ಲ. ಇಲ್ಲಿನ ಹುಡುಗ ಹುಡುಗಿಯರನ್ನೇ, ಅಂದರೆ ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರುಗಳನ್ನೇ ಕೂರಿಸಿಕೊಂಡು, ನಮ್ಮ ಬಿಸಿಲು, ಧೂಳು ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಮಾಡಿಸಿದರು. ಆ ತಂತ್ರಜ್ಞಾನ ಮುಂದೆ ದೇಶದ ಹಲವು ಕಾರ್ಖಾನೆಗಳಿಗೆ ಹೋಯಿತು.

ನನ್ನ ಗೆಳೆಯರು ತುಂಬಾ ಜನ ಹೊರದೇಶದಲ್ಲಿದ್ದಾರೆ. ಮನೆಗೆ ದುಡ್ಡು ಕಳಿಸುತ್ತಾರೆ, ಊರ ದೇವಸ್ಥಾನಕ್ಕೂ ಕೊಡುತ್ತಾರೆ, ಅದು ಸಣ್ಣ ಮಾತೇನಲ್ಲ. ಆದರೆ ಗೆಳೆಯರೇ, ನಿಮ್ಮ ಕೈಯಲ್ಲಿರುವ ಕೆಲಸ ಅದಕ್ಕಿಂತ ಜಾಸ್ತಿ ಬೆಲೆಯದು, ಅಲ್ವಾ? ಈ ಸಲ ರಜೆಗೆ ಬಂದಾಗ ನಮ್ಮೂರ ಪಾಲಿಟೆಕ್ನಿಕ್‌ಗೆ ಒಂದು ಮಧ್ಯಾಹ್ನ ಬನ್ನಿ. ಭಾಷಣ ಬೇಡ. ನೀವು ದಿನಾ ಮಾಡುವ ಕೆಲಸವನ್ನೇ ಹುಡುಗರ ಕೈಯಲ್ಲಿ ಮಾಡಿಸಿ, ತಪ್ಪಿದರೆ ತಿದ್ದಿ, ವಾಪಸ್ ಹೋದ ಮೇಲೂ ಅವರ ಫೋನ್ ಎತ್ತಿ. ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡುತ್ತೇನೆ. ಯಾವಾಗ ಬರುತ್ತೀರಿ ಅಂತ ಮೆಸೇಜ್ ಹಾಕಿ ಸಾಕು.