ಪ್ರಾಣೇಶಾಚಾರ್ಯನ ಪಕ್ಷ

ನಮ್ಮ ಹಾಸ್ಟೆಲಿನಲ್ಲಿ ಗಿರೀಶ್ ಕಾರ್ನಾಡರ ವಿಷಯಕ್ಕೆ ಎರಡು ಪಕ್ಷ ಇದ್ದವು. ಅವರು ನಾಟಕಕಾರ, ಸಿನಿಮಾದಲ್ಲಿ ನಟಿಸಿದ್ದು ಸುಮ್ನೆ ಹೊಟ್ಟೆಪಾಡಿಗೆ ಅನ್ನುವುದು ಒಂದು ಪಕ್ಷ. ಅದಕ್ಕೆ ನಮ್ಮ ಕನ್ನಡ ಮೇಷ್ಟ್ರೇ ನಾಯಕರು. ನಟನಾಗಿಯೂ ಅವರು ಕಡಿಮೆ ಏನಲ್ಲ ಅನ್ನುವುದು ಇನ್ನೊಂದು. ಅದರಲ್ಲಿ ನಾನು ಮತ್ತು ಸಾಗರದ ಕಡೆಯ ನನ್ನ ರೂಂಮೇಟ್, ಅಷ್ಟೇ ಜನ. ಶಿವಮೊಗ್ಗ ಬಿಟ್ಟು ಎಷ್ಟೋ ವರ್ಷವಾಯಿತು. ಕಾಲೇಜು ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಆ ಹಳೆ ಜಗಳವೇ ನೆನಪಾಯಿತು. ಮೇಷ್ಟ್ರ ಎದುರು ನಮ್ಮ ಮಾತು ಯಾವತ್ತೂ ಪೂರ್ತಿ ಆಗಲಿಲ್ಲ. ಇಲ್ಲಿ ತಡೆಯುವವರು ಯಾರೂ ಇಲ್ಲ.

ನಾವು ಹುಡುಗರು ಕಾರ್ನಾಡರನ್ನು ಮೊದಲು ಕಂಡದ್ದು ಸ್ವಾಮಿಯ ಅಪ್ಪನಾಗಿ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರುತ್ತಿದ್ದ ಕಾಲ. ನನ್ನ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ದೊಡ್ಡವರಿಗೆ ಕಥೆಯ ಗೊಡವೆ ಇರಲಿಲ್ಲ. ಶೂಟಿಂಗ್ ನಡೆದ ಆಗುಂಬೆಯ ದೊಡ್ಡಮನೆಯ ಜಗಲಿ ಕಂಡಿತಾ, ಹಿಂದೆ ನಿಂತವರಲ್ಲಿ ಗುರುತಿನವರು ಯಾರಾದರೂ ಇದ್ದಾರಾ ಅಂತ ನೋಡುವುದೇ ಅವರ ಕೆಲಸ. ಹಿಂದಿ ಮಾತು ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಆ ಅಪ್ಪನ ಮುಖ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಹುಲಿ ಜೊತೆ ಸೆಣಸಿದ ಹುಡುಗನ ಸುದ್ದಿಯನ್ನು ಪೇಪರಿನಲ್ಲಿ ಓದಿ, ಧೈರ್ಯವಿದ್ದರೆ ಇವತ್ತು ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಮಗನಿಗೆ ಸವಾಲು ಹಾಕುವ ಅಪ್ಪ. ಜೋರು ಮಾಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಆ ನೋಟಕ್ಕೆ ಟಿವಿ ಮುಂದೆ ಕೂತ ನಾವೂ ಕಾಲು ಮಡಚಿ ನೆಟ್ಟಗೆ ಕೂರುತ್ತಿದ್ದೆವು.

'ಸಂಸ್ಕಾರ' ನೋಡಿದ್ದು ಆಮೇಲೆ, ಹೆಗ್ಗೋಡಿನಲ್ಲಿ. ರೂಂಮೇಟ್ ಎಳೆದುಕೊಂಡು ಹೋಗಿದ್ದ. 1970ರ ಈ ಚಿತ್ರ ನಮ್ಮ ಸೀಮೆಯದೇ. ಕಾದಂಬರಿ ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ನಾರಣಪ್ಪನಾದ ಲಂಕೇಶ್ ಶಿವಮೊಗ್ಗದ ಹತ್ತಿರದ ಕೊನಗವಳ್ಳಿಯವರು. ಶೂಟಿಂಗ್ ಆದದ್ದು ಶೃಂಗೇರಿ ಪಕ್ಕದ ವೈಕುಂಠಪುರದಲ್ಲಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನವರು. ಕ್ಯಾಮೆರಾದ ಟಾಮ್ ಕೋವನ್ ಅಂತೂ ಆಸ್ಟ್ರೇಲಿಯಾದಿಂದ ಬಂದವರು. ಸೆನ್ಸಾರಿನವರು ಮೊದಲು ಬಿಡುಗಡೆಗೇ ಬಿಡಲಿಲ್ಲ. ಆಮೇಲೆ ನೋಡಿದರೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು, ಕನ್ನಡಕ್ಕೆ ಮೊಟ್ಟಮೊದಲ ಸಲ.

ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಹಾಗೇ ಬಿದ್ದಿದೆ. ಸಂಸ್ಕಾರ ಮಾಡುವವರು ಯಾರು ಎಂದು ಎಲ್ಲರೂ ಪ್ರಾಣೇಶಾಚಾರ್ಯನ ಮನೆಗೆ ಬಂದು ಕೂತಿದ್ದಾರೆ. ಅವರೆಲ್ಲ ಮಾತಾಡುತ್ತಾರೆ, ಆಚಾರ್ಯನಾದ ಕಾರ್ನಾಡರು ಕೇಳುತ್ತಾರೆ. ಮಾತಾಡುವುದನ್ನು ಯಾರು ಬೇಕಾದರೂ ನಟಿಸಬಹುದು. ಕೇಳುವುದನ್ನು ನಟಿಸುವುದು ಕಷ್ಟ. ಉತ್ತರ ತನ್ನ ಹತ್ತಿರ ಇಲ್ಲ ಅನ್ನುವುದು ಕಾರ್ನಾಡರ ಮುಖದಲ್ಲಿ ಒಂದೇ ಸಲ ಕಾಣುವುದಿಲ್ಲ, ಬರುಬರುತ್ತಾ ಕಾಣುತ್ತದೆ. ಕೊನೆಗೆ ಪುಟ್ಟನ ಹಿಂದೆ ಜಾತ್ರೆಯಲ್ಲಿ ಅಲೆಯುವಾಗಲಂತೂ ಆಳೇ ಬೇರೆ. ಶಾಸ್ತ್ರ ಗೊತ್ತಿದ್ದ ಮನುಷ್ಯನಿಗೆ ಜನರ ನಡುವೆ ಹೇಗೆ ನಡೆಯಬೇಕು ಅಂತಲೇ ಗೊತ್ತಿಲ್ಲ.

ಚಿತ್ರಕಥೆ ಬರೆದವರೂ ಅವರೇ, ಎಲ್ಲಿ ಮಾತು ಬೇಡ ಅಂತ ಗೊತ್ತಿದ್ದದ್ದು ನಾಟಕಕಾರನಿಗೆ ಅಂತ ಮೇಷ್ಟ್ರು ವಾದಿಸಿದರು. ಮಾತಿಲ್ಲದ ಜಾಗವನ್ನು ತುಂಬಿದ್ದು ಯಾರು ಸಾರ್ ಅಂತ ನಾವು ಕೇಳಿದೆವು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದರು.

ಅವರ ಪಕ್ಷಕ್ಕೂ ಆಧಾರ ಇತ್ತು ಅನ್ನಿ. ಕಾರ್ನಾಡರೇ ಅವರ ಕಡೆ ಇದ್ದರು. ಸಿನಿಮಾ ದುಡ್ಡಿಗೆ, ನಾಟಕ ತನಗೆ ಅನ್ನುವುದನ್ನು ಅವರು ಮುಚ್ಚಿಟ್ಟವರಲ್ಲ. 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಶಿರಸಿಯಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಮಳೆಯಲ್ಲೇ. ಪೆಟ್ರೊಮ್ಯಾಕ್ಸ್ ಬೆಳಕಿನ ಕಂಪನಿ ನಾಟಕ, ದೊಂದಿ ಬೆಳಕಿನ ಯಕ್ಷಗಾನ ಎರಡನ್ನೂ ನೋಡಿದವರು. ಮುಂದೆ ಬೊಂಬಾಯಿಯಲ್ಲಿ ರಂಗ ನಿರ್ದೇಶಕ ಅಲ್ಕಾಜಿಯವರ ನಾಟಕ ನೋಡಿದಾಗ ಬೆಳಕು ಮೆಲ್ಲಗೆ ಏರಿ ಇಳಿಯುವುದನ್ನು ಕಂಡು ದಂಗಾದರಂತೆ. ಧಾರವಾಡದಲ್ಲಿ ಗಣಿತ ತೆಗೆದುಕೊಂಡದ್ದು ಗಣಿತದ ಮೇಲಿನ ಪ್ರೀತಿಗಲ್ಲ. ಅದರಲ್ಲಾದರೆ ಮಾರ್ಕ್ಸ್ ಜಾಸ್ತಿ ಬರುತ್ತದೆ, ವಿದೇಶಕ್ಕೆ ಹೋಗಬಹುದು ಅಂತ. ಹೋದರು ಕೂಡ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ. ಇಂಗ್ಲಿಷ್ ಕವಿ ಆಗಬೇಕು ಎಂದುಕೊಂಡಿದ್ದ ಹುಡುಗ ಹೊರಡುವ ಹೊತ್ತಿಗೆ 'ಯಯಾತಿ' ಬರೆದು ಕೂತಿದ್ದ, ಅದೂ ಕನ್ನಡದಲ್ಲಿ. ಇದು ಅವರಿಗೇ ಆಶ್ಚರ್ಯವಾಗಿತ್ತು.

ಅವರ ಇನ್ನೊಂದು ಹುಚ್ಚು ನಮ್ಮ ಹಾಸ್ಟೆಲಿನಲ್ಲಿ ಬಹಳ ಓಡಿದ ಕಥೆ. ದೊಡ್ಡ ದೊಡ್ಡವರ ಚಿತ್ರ ಬಿಡಿಸಿ, ಸಹಿ ಮಾಡಿಕೊಡಿ ಅಂತ ಅವರಿಗೇ ಕಳಿಸುತ್ತಿದ್ದರಂತೆ. ಐರಿಷ್ ನಾಟಕಕಾರ ಶಾನ್ ಓಕೇಸಿ, ಇದರಲ್ಲಿ ಹೊತ್ತು ಕಳೆಯಬೇಡ, ಜನ ನಿನ್ನ ಸಹಿ ಕೇಳುವಂಥದ್ದು ಏನಾದರೂ ಮಾಡು ಅನ್ನುವ ಅರ್ಥದಲ್ಲಿ ತಿರುಗಿ ಬರೆದರು. ಮೇಷ್ಟ್ರು ಇದನ್ನು ಹೇಳಿದ ಮೇಲೆ ನಮ್ಮಲ್ಲೂ ಕೆಲವರು ಸಾಹಿತಿಗಳಿಗೆ ಕಾಗದ ಬರೆದರು. ಬೈದಾದರೂ ಯಾರಾದರೂ ಉತ್ತರ ಬರೆಯಲಿ ಅಂತ ಕಾದದ್ದೇ ಬಂತು.

ಒಂದು ವರ್ಷ ನಾವು 'ಹಯವದನ' ಆಡಿದೆವು. ಅದರ ಭಾಗವತ, ಅರ್ಧ ಪರದೆ ಎಲ್ಲ ಯಕ್ಷಗಾನದಿಂದ ಬಂದವು, ನಮಗೆ ಹೇಳಿಕೊಡಬೇಕಾಗಿರಲಿಲ್ಲ. ತಲೆನೋವು ಕುದುರೆ ಮುಖದ್ದು. ಪೇಪರು, ಮೈದಾ ಅಂಟು ಸೇರಿಸಿ ಮಾಡಿದೆವು. ಆಷಾಢದ ಮಳೆ, ಒಣಗುವುದೇ ಇಲ್ಲ. ಹಾಸ್ಟೆಲಿನ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ತೂಗು ಹಾಕಿದೆವು. ಹೊರಗೆ ಒಣಗಿತು, ಒಳಗೆ ಹಸಿ. ಬಿಳಿ ಕುದುರೆ ಹೊಗೆ ಹಿಡಿದು ಕಂದಾಯಿತು. ಹಾಕಿಕೊಂಡ ಹುಡುಗ ಹೊಗೆ ವಾಸನೆಗೆ ಸೀನುತ್ತಲೇ ಪೂರ್ಣತ್ವ ಬೇಕು ಎಂದು ಗೋಳಾಡಿದ. ಜನಕ್ಕೆ ಅದು ನಟನೆ ಅಂತಲೇ ಕಂಡು ಭಾರೀ ಚಪ್ಪಾಳೆ ಬಿತ್ತು. ತಲೆ ಹೆಚ್ಚೋ ದೇಹ ಹೆಚ್ಚೋ ಅನ್ನುವ ನಾಟಕ ಅದು. ಪಕ್ಷಾತೀತವಾಗಿ ಎಲ್ಲರೂ ಸೇರಿ ಮಾಡಿದ್ದು ಅದೊಂದೇ.

ಸಿನಿಮಾ ದುಡ್ಡಿಗೆ ಅಂದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ಬರುವುದಿಲ್ಲ. 1976ರ 'ಮಂಥನ್' ನೋಡಿ. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಚಿತ್ರ. ಹಾಲಿನ ಸಹಕಾರ ಸಂಘ ಕಟ್ಟಲು ಬರುವ ಡಾಕ್ಟರ್ ರಾವ್ ಪಾತ್ರದಲ್ಲಿ ಒಳ್ಳೆಯತನವೂ ಇದೆ, ಓದಿದವನ ಬಿಗುವೂ ಇದೆ. 1999ರಲ್ಲಿ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ತಾವೇ ನಿರ್ದೇಶಿಸಿ ಚಂದ್ರೇಗೌಡರಾದರು. ಅದು ನನಗೆ ಅಷ್ಟು ಹಿಡಿಸಲಿಲ್ಲ. ಆ ಗೌಡರಲ್ಲಿ ಗದ್ದೆ ಕೆಸರು ಕಡಿಮೆ ಇತ್ತು. ಈಗಿನ ಹುಡುಗರಿಗೆ 'ಏಕ್ ಥಾ ಟೈಗರ್' ಅಂದರೆ ಥಟ್ಟನೆ ಗುರುತು ಹತ್ತುತ್ತದೆ, ಇರಲಿ.

ಕಲೆಯ ವಿಷಯದಲ್ಲಿ ಅವರು ಮುಲಾಜು ಇಟ್ಟುಕೊಂಡವರಲ್ಲ. 2012ರಲ್ಲಿ ಮುಂಬೈಯ ಸಾಹಿತ್ಯ ಉತ್ಸವಕ್ಕೆ ರಂಗಭೂಮಿ ಬಗ್ಗೆ ಮಾತಾಡಲು ಕರೆದರೆ, ಅಲ್ಲಿ ಪ್ರಶಸ್ತಿ ಪಡೆದಿದ್ದ ಇಂಗ್ಲಿಷ್ ಲೇಖಕ ನೈಪಾಲರನ್ನು ತರಾಟೆಗೆ ತೆಗೆದುಕೊಂಡರು. ಭಾರತದ ಮುಸ್ಲಿಮರ ಬಗ್ಗೆ ನೈಪಾಲ್ ಬರೆದದ್ದು ಅವರಿಗೆ ಸಹಿಸಲಾಗಿರಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಟಾಗೋರರು ದೊಡ್ಡ ಕವಿ, ಆದರೆ ನಾಟಕಕಾರರಾಗಿ ಸಾಧಾರಣ ಅಂದರು. ಬಂಗಾಳ ಸಿಟ್ಟಾಯಿತು. ನನಗಂತೂ ಅದರಲ್ಲಿ ಸಿಟ್ಟಾಗುವಂಥದ್ದು ಕಾಣಲಿಲ್ಲ. ನಾಟಕ ಓದುವುದಕ್ಕಲ್ಲ, ಆಡುವುದಕ್ಕೆ ಅಂತ ನಂಬಿದವರು ಇನ್ನೇನು ಹೇಳುತ್ತಾರೆ?

ನನ್ನ ಕಣ್ಣಿಗೆ ಕಟ್ಟಿರುವುದು 2018ರ ಸೆಪ್ಟೆಂಬರಿನ ಫೋಟೊ. ಲಂಕೇಶರ ಮಗಳು, ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯಾಗಿ ವರ್ಷ ತುಂಬಿದ ದಿನ. ಮೂಗಿಗೆ ಆಮ್ಲಜನಕದ ನಳಿಕೆ, ಕೊರಳಲ್ಲಿ 'ಮೀ ಟೂ ಅರ್ಬನ್ ನಕ್ಸಲ್' ಅನ್ನುವ ಫಲಕ. ರೂಂಮೇಟ್ ಅದನ್ನು ನನಗೆ ಕಳಿಸಿ ಒಂದೇ ಸಾಲು ಬರೆದಿದ್ದ: "ನಾರಣಪ್ಪನ ಮಗಳಿಗಾಗಿ ಆಚಾರ್ಯ ಬಂದ ನೋಡು." ಆ ಫಲಕದ ಮಾತು ಒಪ್ಪುವವರು, ಒಪ್ಪದವರು ಇಬ್ಬರೂ ನಮ್ಮ ಬ್ಯಾಚಿನಲ್ಲಿದ್ದಾರೆ. ಎಂಬತ್ತು ವರ್ಷದ ಮನುಷ್ಯ ಆ ಸ್ಥಿತಿಯಲ್ಲಿ ಮನೆಯಲ್ಲಿ ಕೂರಬಹುದಿತ್ತು, ಅಲ್ವಾ?

2019ರ ಜೂನ್ 10ರಂದು ತೀರಿಕೊಂಡರು. ಯಾವ ಕ್ರಿಯಾಕರ್ಮವೂ ಬೇಡ, ಸರ್ಕಾರಿ ಗೌರವವೂ ಬೇಡ ಅಂತ ಅವರ ಇಚ್ಛೆ ಇತ್ತು. ಹಾಗೇ ಬೆಂಗಳೂರಿನ ಕಲ್ಪಳ್ಳಿ ಚಿತಾಗಾರದಲ್ಲಿ ದಹನ ಆಯಿತು. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಒಂದು ಊರೇ ತಲೆ ಕೆಡಿಸಿಕೊಳ್ಳುವ ಕಥೆಯಲ್ಲಿ ನಟಿಸಿದವರು, ತಮ್ಮ ವಿಷಯದಲ್ಲಿ ಆ ಪ್ರಶ್ನೆಗೇ ಜಾಗ ಕೊಡಲಿಲ್ಲ. ನಮ್ಮೂರಿನ ಹಿರಿಯರಿಗೆ ಇದು ಸರಿ ಬರಲಿಲ್ಲ. ಜ್ಞಾನಪೀಠ ಬಂದವರಿಗೆ ಕುಶಾಲತೋಪಾದರೂ ಹಾರಿಸಬೇಕಿತ್ತು ಅಂತ ಅಂಗಡಿ ಕಟ್ಟೆಯಲ್ಲಿ ಮಾತಾಯಿತು. ಬೇಡ ಅಂದವರು ಅವರೇ ಅಲ್ವಾ ಅಂದೆ. "ಅವರು ಅಂದ್ರು ಅಂತ ಬಿಡೋದಾ?" ಅಂದರು ಒಬ್ಬರು. ಇನ್ನೊಬ್ಬರು, ಸ್ವಾಮಿ ಅಪ್ಪ ಹೇಳಿದ ಮೇಲೆ ಬಿಡಲೇಬೇಕಪ್ಪ ಅಂದರು. ಆಮೇಲೆ ಮಾತು ಅಡಿಕೆ ರೇಟಿಗೆ ತಿರುಗಿತು.